ಟೇಪು ಕೀಳುವ ಕ್ರಮ

ದೇವರು ಒಬ್ಬನೋ ಮೂವರೋ, ನೆಲ ಯಾರದು, ರಾಜ ಬೇಕೋ ಬೇಡವೋ ಎಂಬಂಥ ಪ್ರಶ್ನೆಗಳ ಮೇಲೆ ಜನ ಎರಡು ಪಂಗಡವಾಗಿ ಹೊಡೆದಾಡಿದ್ದನ್ನು ಪುಸ್ತಕಗಳಲ್ಲಿ ಓದಿದ್ದೇನೆ. ಲಿಂಡೆನ್ ಕೋರ್ಟ್ ಎಂಬ ನಮ್ಮ ಬಾಡಿಗೆ ಮನೆಗಳ ಕಟ್ಟಡ ಎರಡು ಪಂಗಡವಾದದ್ದು ಅವೆಲ್ಲಕ್ಕಿಂತ ಗಹನವಾದ ಪ್ರಶ್ನೆಯ ಮೇಲೆ: ಬಾಗಿಲಿಗೆ ಅಂಟಿಸಿದ ಟೇಪನ್ನು ಮೇಲಿನಿಂದ ಕೀಳಬೇಕೋ, ಕೆಳಗಿನಿಂದ ಕೀಳಬೇಕೋ.

ಮೇಲಿನ ಪಕ್ಷಕ್ಕೆ ಎರಡನೇ ಮಹಡಿಯ ಕ್ಷೌರಿಕ ಕ್ಲಿಯೋಟಿಸ್ ಮುಖಂಡ. "ಗಾಯದ ಪಟ್ಟಿ ಕಿತ್ತಂಗೆ ಕೀಳ್ಬೇಕು. ಒಂದೇ ಎಳೆತ. ನೋವೂ ಒಂದೇ ಸಲ" ಎನ್ನುತ್ತಿದ್ದ. ಕೆಳಗಿನ ಪಕ್ಷಕ್ಕೆ ಅದೇ ಮಹಡಿಯ ಮಿಸ್ ವರ್ನೀಸ್. ಅವರು ಜೀವಮಾನವೆಲ್ಲ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕಿದವರು. ಅವರ ಅಂಗೈಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಆ ಅಂಗೈಯನ್ನು ಟೇಪಿನ ಮೇಲೆ ಒತ್ತಿ, ಬಿಸಿಗೆ ಅಂಟು ಮೆತ್ತಗಾಗುವವರೆಗೆ ನಿಂತು, ಕೆಳಗಿನ ಮೂಲೆಯಿಂದ ಉಗುರಿನಲ್ಲಿ ಎಬ್ಬಿಸಿ, ಹಿಂದಕ್ಕೆ ಮಡಿಸುತ್ತ ಮಡಿಸುತ್ತ ಬಿಡಿಸುತ್ತಿದ್ದರು. ಬಾಗಿಲ ಬಣ್ಣಕ್ಕೆ ಗೊತ್ತೇ ಆಗುತ್ತಿರಲಿಲ್ಲ.

ಗೆದ್ದದ್ದು ಕೆಳಗಿನ ಪಕ್ಷ. ಕಾರಣ ಸಿದ್ಧಾಂತವಲ್ಲ. ಬಾಗಿಲುಗಳಿಗೆ ಕಟ್ಟಡದ ಮಾಲೀಕ ಕಂಪನಿ ಬಳಿದಿದ್ದ ಕಂದು ಬಣ್ಣ ಅಗ್ಗದ್ದು. ಕ್ಲಿಯೋಟಿಸ್ ಹೇಳಿದಂತೆ ಎಳೆದರೆ ಅಂಗೈ ಅಗಲದ ಚಕ್ಕೆ ಕಿತ್ತು ಬರುತ್ತಿತ್ತು. ಮನೆ ಬಿಡುವಾಗ ಕಂಪನಿ ಅದಕ್ಕೆ ಠೇವಣಿಯಲ್ಲಿ ಮುರಿದುಕೊಳ್ಳುತ್ತಿತ್ತು. ಅಂಟಿಸಿದವರು ಅವರೇ, ಮುರಿದುಕೊಳ್ಳುವವರೂ ಅವರೇ. ಇದರಲ್ಲಿ ತಪ್ಪೇನೂ ಇಲ್ಲ ಎಂದು ಕರಾರುಪತ್ರದಲ್ಲಿ ಬರೆದಿತ್ತು.

ಅಂಟಿಸುತ್ತಿದ್ದದ್ದು ಮನೆ ಬಿಡಿ ಎನ್ನುವ ಕಾಗದ. ಕಂಪನಿಯ ಮ್ಯಾನೇಜರ್ ರಸೆಲ್ ಬೆಳಿಗ್ಗೆ ಬಂದು ಅಂಟಿಸಿ ಹೋಗುತ್ತಿದ್ದ. ಶಾಲೆಯ ಬಸ್ಸು ಮಧ್ಯಾಹ್ನ ಬರುತ್ತಿತ್ತು. ನಡುವಿನ ಹೊತ್ತು ನಮ್ಮದು. ಯಾರ ಬಾಗಿಲ ಮೇಲೇ ಇರಲಿ, ಮೊದಲು ನೋಡಿದವರು ಅದನ್ನು ತೆಗೆಯಬೇಕು. ಓದಬಾರದು. ಬರಹ ಒಳಗಾಗುವಂತೆ ಮಡಿಸಬೇಕು. ಬಾಗಿಲ ಸಂದಿಯಲ್ಲಿ ತೂರಿಸಬಾರದು, ನೆಲದ ಮೇಲಿನದನ್ನು ಮೊದಲು ಎತ್ತಿಕೊಳ್ಳುವವರು ಮಕ್ಕಳು. ಮನೆಯವರ ಕೈಗೇ ಕೊಡಬೇಕು. ಕೊಡುವಾಗ ಚಳಿಯ ಬಗ್ಗೆಯೋ ಬಿಸಿನೀರಿನ ಬಗ್ಗೆಯೋ ಒಂದು ಮಾತು ಆಡಿ ಹೊರಟುಬಿಡಬೇಕು. ಈ ಕ್ರಮವನ್ನು ಹಾಕಿಕೊಟ್ಟವರೂ ಮಿಸ್ ವರ್ನೀಸ್. ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಇನ್ನೊಂದು ಕ್ರಮವೂ ಇತ್ತು. ಹೊರಗಿನವರು ಬಂದು ಕೇಳಿದರೆ ಈ ಕಟ್ಟಡದಲ್ಲಿ ಯಾರಿಗೂ ಯಾವ ಕಷ್ಟವೂ ಇಲ್ಲ. ಊಟ ಆಗಿದೆ. ಆರೋಗ್ಯ ಚೆನ್ನಾಗಿದೆ. ಯಾರಿಗಾದರೂ ಬಾಡಿಗೆ ಹಿಂದೆ ಬಿತ್ತು ಅಂದರೆ, "ನಾವಿರೋವಾಗ ನೀನು ಬೀದೀಲಿ ಮಲಗ್ತೀಯಾ?" ಎನ್ನುತ್ತಿದ್ದೆವು. ಬೇರೆ ಊರಿನಲ್ಲಿ ಜನ ನಮಸ್ಕಾರ ಅಂದ ಹಾಗೆ ಅದು. ಅಂದವರಾರೂ ಮನೆಯ ಅಳತೆ ತೆಗೆದು ಅಂದದ್ದಲ್ಲ.

ನಮ್ಮ ಮೇಲೆ ಬಿದ್ದ ಕಲ್ಲು ಈ ಎರಡನೇ ಕ್ರಮದ್ದು.

ರೆನೀಟಾ ಕೋಕರ್ ಕೆಳಗಿನ ಮಹಡಿಯಲ್ಲಿ ನನ್ನ ಎದುರು ಬಾಗಿಲಿನವಳು. ಮುದುಕರ ಮನೆಗಳಿಗೆ ಹೋಗಿ ಅವರ ಮೈ ತೊಳೆದು, ಬಟ್ಟೆ ಹಾಕಿ, ಉಣಿಸಿ ಬರುವುದು ಅವಳ ಕೆಲಸ. ಮಗಳು ಜಲೀಯಾಗೆ ಒಂಬತ್ತು ವರ್ಷ. ಗಂಡನ ವಿಷಯ ಯಾರೂ ಎತ್ತುತ್ತಿರಲಿಲ್ಲ, ರೆನೀಟಾ ಮೊದಲಾಗಿ.

ಅವಳ ಪಾಲಿಗಿದ್ದ ಒಬ್ಬ ಮುದುಕ ಎರಡಾಳಿನ ತೂಕ. ಅಂಥವರನ್ನು ಹಾಸಿಗೆಯಿಂದ ಎತ್ತಿ ಕುರ್ಚಿಗೆ ಹಾಕಲು ಇಬ್ಬರು ಬೇಕೆಂದು ನಿಯಮ. ಅವಳನ್ನು ಕೆಲಸಕ್ಕಿಟ್ಟ ಏಜೆನ್ಸಿ ಕಳಿಸುತ್ತಿದ್ದದ್ದು ಒಬ್ಬಳನ್ನು. ಜನವರಿಯ ಒಂದು ಬೆಳಿಗ್ಗೆ ಮುದುಕ ಅವಳ ಕತ್ತಿಗೆ ಕೈ ಹಾಕಿ ಅರ್ಧಕ್ಕೆ ಎದ್ದವನು ಮೊಣಕಾಲು ಮಡಚಿ ಕುಸಿದ. ಪೂರ್ತಿ ಭಾರ ಅವಳ ಮೇಲೆ ಬಂತು. ಬೆನ್ನಿನಲ್ಲಿ ಏನೋ ಹರಿದ ಸದ್ದು ಕೇಳಿಸಿತಂತೆ. ಮುದುಕನ ಅಂಗಿ ಹರಿಯಿತು ಅಂದುಕೊಂಡಳಂತೆ. ಅವನನ್ನು ಬಿಡಲಿಲ್ಲ. ಕುರ್ಚಿಗೆ ಕೂರಿಸಿ, ಗಂಜಿ ಉಣಿಸಿ, ಬಾಯಿ ಒರೆಸಿ, ಆಮೇಲೆ ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

ಮುದುಕ ಬಿದ್ದಿದ್ದರೆ ಅದು ಅಪಘಾತ. ಬೀಳಲಿಲ್ಲವಾದ್ದರಿಂದ ಏಜೆನ್ಸಿಯ ಪ್ರಕಾರ ಏನೂ ಆಗಲಿಲ್ಲ. ಏನೂ ಆಗದ್ದಕ್ಕೆ ಪರಿಹಾರ ಕೊಡುವ ಪದ್ಧತಿ ಇಲ್ಲ.

ಅವಳು ನೆಲದ ಮೇಲೆ ಮಲಗಿದಳು. ಮೆತ್ತನೆ ಹಾಸಿಗೆ ಆಗುತ್ತಿರಲಿಲ್ಲ. ಜಲೀಯಾ ಅವಳನ್ನು ದಾಟಿಕೊಂಡು ಅಡುಗೆ ಮನೆಗೆ ಹೋಗಿ ಡಬ್ಬಿಯ ಬೀನ್ಸು ಬಿಸಿ ಮಾಡಿ ತರುತ್ತಿದ್ದಳು. ಕೆಲಸ ನಿಂತು ಸಂಬಳವೂ ನಿಂತಿತು. ರೆನೀಟಾ ಕೈಲಿದ್ದಷ್ಟು ಬಾಡಿಗೆ ಕಟ್ಟಲು ಹೋದಳು. ಪೂರ್ತಿ ಕಟ್ಟದಿದ್ದರೆ ತೆಗೆದುಕೊಳ್ಳುವುದಿಲ್ಲ ಅಂದ ರಸೆಲ್. ಫೆಬ್ರವರಿಯಲ್ಲಿ ಕಾಗದ ಅಂಟಿಸಿದ.

ತೆಗೆದವರು ಮಿಸ್ ವರ್ನೀಸ್. ಅವರು ಅಂಗೈ ಒತ್ತಿಕೊಂಡು ನಿಂತದ್ದನ್ನು ನನ್ನ ಬಾಗಿಲ ಕಿಂಡಿಯಿಂದ ನೋಡಿದೆ. ದೂರದಿಂದ ನೋಡಿದವರು ಯಾರೋ ಬಾಗಿಲಿಗೆ ಒರಗಿ ಪ್ರಾರ್ಥನೆ ಮಾಡುತ್ತಿದ್ದಾರೆ ಅಂದುಕೊಳ್ಳಬೇಕು. ಕಾಗದ ಮಡಿಸಿ, ಬಾಗಿಲು ತಟ್ಟಿ ಕೊಟ್ಟರು.

"ಹೀಟರ್ ಇನ್ನೂ ಬಿಸಿಯಾಗಿಲ್ಲ ನೋಡು" ಅಂದರು.

"ಹೌದು ಮಿಸ್ ವರ್ನೀಸ್" ಅಂದಳು ರೆನೀಟಾ.

ಬಾಡಿಗೆಯ ತುರ್ತು ನೆರವು ಅಂತ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯ ಆಡಳಿತದಲ್ಲಿ, ಒಂದಿದೆ. ಬೀದಿಗೆ ಬೀಳುವ ಹಂತದಲ್ಲಿರುವ ಬಡ ಬಾಡಿಗೆದಾರರ ಬಾಕಿಯನ್ನು ಸರ್ಕಾರವೇ ಕಂಪನಿಗೆ ಕಟ್ಟುತ್ತದೆ. ತುರ್ತು ಎಂದ ಮೇಲೆ ಸಾಲು ಉದ್ದವಾಗಿಯೇ ಇರುತ್ತದೆ. ರೆನೀಟಾ ಸಾಲಿನಲ್ಲಿ ನಿಂತಳು. ಬೆಂಚು ಖಾಲಿಯಾದಾಗಲೂ ಕೂರಲಿಲ್ಲ. ಕೂತರೆ ಏಳಲು ಯಾರದಾದರೂ ಕೈ ಬೇಕು, ಅಲ್ಲಿ ಕೈ ಕೇಳಲು ಅವಳಿಗೆ ಮನಸ್ಸಿರಲಿಲ್ಲ. ಅರ್ಜಿ ಕೊಟ್ಟಳು. ಮನೆ ನೋಡಲು ಒಬ್ಬರು ಬರುತ್ತಾರೆ ಅಂದರು.

ಬಂದವನು ಕೀಲರ್ ಎಂಬ ಹುಡುಗ. ಹುಡುಗ ಅಂದೆ, ಮೂವತ್ತಿರಬಹುದು. ಕಾಲೊರೆಸಿನ ಮೇಲೆ ಬೂಟು ಚೆನ್ನಾಗಿ ಒರೆಸಿ ಒಳಗೆ ಬಂದ. ಕೈಯಲ್ಲಿ ಟ್ಯಾಬ್ ಇತ್ತು. ನಾವೆಲ್ಲ ಹೊರಗೆ ಕಾರಿಡಾರಿನಲ್ಲಿ ಏನೋ ಕೆಲಸವಿದ್ದವರ ಹಾಗೆ ನಿಂತಿದ್ದೆವು. ಬಾಗಿಲು ತೆರೆದೇ ಇತ್ತು.

"ಮಿಸ್ ಕೋಕರ್, ಈ ಮನೆ ಬಿಡಬೇಕಾಗಿ ಬಂದ್ರೆ ನೀವು ಎಲ್ಲಿಗೆ ಹೋಗ್ತೀರಿ?"

ರೆನೀಟಾ ಬೆನ್ನು ನೆಟ್ಟಗೆ ಮಾಡಿದಳು. ನೋವು ಮುಖದಲ್ಲಿ ಕಂಡಿತು.

"ನಾನು ಬೀದಿಗೆ ಬೀಳೋಳಲ್ಲ ಸಾರ್. ನಂಗೆ ಜನ ಇದ್ದಾರೆ."

"ಜನ ಅಂದ್ರೆ?"

ಕ್ಲಿಯೋಟಿಸ್ ಬಾಗಿಲಿಗೆ ತಲೆ ಹಾಕಿದ. "ನಮ್ಮನೇಲಿ ಸೋಫಾ ಇದೆ ಸಾರ್. ನನ್ನ ಹೆಂಡ್ತಿಗೆ ಸಿಟ್ಟು ಬಂದಾಗೆಲ್ಲ ನಾನೇ ಅಲ್ಲಿ ಮಲಗೋದು. ಭಾಳ ಚೆನ್ನಾಗಿದೆ. ನನ್ನ ಹಾಸಿಗೆಗಿಂತ ಅದೇ ಅಭ್ಯಾಸ."

"ನಮ್ಮನೇಲೂ ಇರ್ಬೋದು" ಅಂದಳು ಇಲ್ಡಾ. ಹೊಂಡುರಾಸಿನವಳು, ನನ್ನ ಪಕ್ಕದ ಮನೆ. ಮೆಕ್ಕೆಜೋಳದ ಹಿಟ್ಟಿನ ಕಡುಬು ತಮಾಲೆ ಬೇಯಿಸಿ ಫ್ಯಾಕ್ಟರಿ ಗೇಟಿನಲ್ಲಿ ಮಾರುತ್ತಾಳೆ. "ಮಕ್ಕಳ ಜೊತೆ ಮಗು ಮಲಗುತ್ತೆ. ನಾಲ್ಕು ಜನ ಮಲಗೋ ಕಡೆ ಐದನೇದು ಗೊತ್ತೇ ಆಗಲ್ಲ."

ಕೀಲರ್ ನನ್ನನ್ನೂ ನೋಡಿದ. ನಾನು ನಿವೃತ್ತ ಬಸ್ ಡ್ರೈವರ್, ಒಬ್ಬನೇ ಇರುವವನು, ಇಲ್ಲ ಅನ್ನಲು ನನಗೇನಿದೆ. ಆಗಬಹುದು ಅಂದೆ.

ಕೀಲರ್ ಎಲ್ಲವನ್ನೂ ಬರೆದುಕೊಂಡ. ಅವನ ಮುಖ ನಿಜವಾಗಿಯೂ ಅರಳಿತ್ತು. "ಇಂಥ ನೆರೆಹೊರೆ ನಾನು ಈ ಕೆಲ್ಸದಲ್ಲಿ ನೋಡಿಲ್ಲ" ಅಂದ. ನಾವೂ ಹೆಮ್ಮೆಪಟ್ಟೆವು. ಇಲ್ಡಾ ಅವನಿಗೆ ಎರಡು ತಮಾಲೆ ಕಟ್ಟಿಕೊಟ್ಟಳು.

ಅರ್ಜಿ ತಿರಸ್ಕಾರವಾಯಿತು. ಅರ್ಜಿದಾರಳಿಗೆ ಉಳಿದುಕೊಳ್ಳಲು ಬೇರೆ ಕಡೆಗಳಿವೆ, ಆಕೆ ಬೀದಿಗೆ ಬೀಳುವ ಅಪಾಯದಲ್ಲಿ ಇಲ್ಲ. ನೆರವು ಇರುವುದು ಯಾರೂ ಇಲ್ಲದವರಿಗೆ.

"ಒಳ್ಳೇವ್ರಾಗಿದ್ದಕ್ಕೆ ದಂಡ" ಅಂದ ಕ್ಲಿಯೋಟಿಸ್.

ರೆನೀಟಾ ಕಚೇರಿಗೆ ಫೋನು ಮಾಡಿದಳು. ಕೀಲರನೇ ಸಿಕ್ಕ. ಅವನಿಗೂ ಬೇಜಾರಾಗಿತ್ತು. ಮರುಪರಿಶೀಲನೆ ಅಂತ ಒಂದಿದೆ, ಒಂದೇ ಸಲ ಸಿಗುತ್ತದೆ ಅಂದ. ಶುಕ್ರವಾರ ಬರುತ್ತೇನೆ, ಅವತ್ತು ಮಾತಾಡಿದ ನೆರೆಯವರನ್ನೆಲ್ಲ, ಎದುರಿಗೆ ಸಿಕ್ಕ ಬೇರೆಯವರನ್ನೂ, ಅದೇ ಪ್ರಶ್ನೆ ಕೇಳುತ್ತೇನೆ, ನೀವು ಜೊತೆಗಿರಬೇಕು ಅಂದ. ಆಮೇಲೆ ದನಿ ತಗ್ಗಿಸಿ, "ಅವರು ಏನು ಹೇಳ್ತಾರೋ ಅದನ್ನೇ ನಾನು ಬರೀಬೇಕು ಮಿಸ್ ಕೋಕರ್. ಹೇಳದೇ ಇರೋದನ್ನ ಬರೆಯೋಕಾಗಲ್ಲ. ನಿಮಗೆ ಅರ್ಥ ಆಯ್ತಲ್ಲ" ಅಂದ.

ಅರ್ಥವಾಯಿತು.

ಗುರುವಾರ ಸಂಜೆ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಸೇರಿದೆವು. ಜಲೀಯಾ ಇಲ್ಡಾಳ ಮಕ್ಕಳ ಜೊತೆ ಟಿವಿ ನೋಡುತ್ತಿದ್ದಳು. ಬಟ್ಟೆ ಒಣಗಿಸುವ ಯಂತ್ರ ತಿರುಗುತ್ತಿತ್ತು. ರೆನೀಟಾ ಅದರ ಬಿಸಿಗೆ ಬೆನ್ನು ಕೊಟ್ಟು ನಿಂತಿದ್ದಳು. ಕ್ಲಿಯೋಟಿಸ್ ಒಂದು ಟ್ರೇಯನ್ನು ಟ್ಯಾಬ್ ಮಾಡಿಕೊಂಡು ಕೀಲರ್ ಆದ.

"ಮೇಡಂ, ಈ ಹೆಂಗ್ಸಿಗೆ ನಿಮ್ಮನೇಲಿ ಜಾಗ ಕೊಡ್ತೀರಾ?"

"ಇಲ್ಲ" ಅಂದಳು ಇಲ್ಡಾ. "ಆದ್ರೆ ಒಂದೆರಡು ದಿನಕ್ಕೆ ಅಂದ್ರೆ..."

"ಮುಗೀತು. ಒಂದೆರಡು ದಿನ ಅಂತ ಬರ್ಕೊಂಡ. ರೆನೀಟಾ, ಗಂಟು ಕಟ್ಟು. ಇಲ್ಲ ಅಂದ್ಮೇಲೆ ಬಾಯಿ ಮುಚ್ಕೋಬೇಕು ತಾಯಿ."

"ಬಾಗಿಲಿಗೆ ಬಂದೋರಿಗೆ ಇಲ್ಲ ಅನ್ನೋದು ನಮ್ಮಮ್ಮ ನಂಗೆ ಕಲಿಸಿಲ್ಲ."

"ಇವತ್ತು ನಾನು ಕಲಿಸ್ತೀನಿ. ಫೀಸು ಬೇಡ. ಇನ್ನೊಂದ್ಸಲ."

"ಇಲ್ಲ."

"ಯಾಕೆ ಮೇಡಂ?"

ಇಲ್ಡಾ ನಮ್ಮ ಮುಖ ನೋಡಿದಳು. "ಯಾಕೆ ಅಂತಾನೂ ಕೇಳ್ತಾನಾ?"

"ಕೇಳದೆ ಬಿಡ್ತಾನಾ? ಮೊನ್ನೆ ಬಾ ಅಂದೋಳು ಇವತ್ತು ಬೇಡ ಅಂದ್ರೆ ಯಾರಾದ್ರೂ ಕೇಳ್ತಾರೆ."

"ಜಾಗ ಇಲ್ಲ ಅಂತೀನಿ."

"ಐದನೇದು ಗೊತ್ತೇ ಆಗಲ್ಲ ಅಂದಿದ್ಯಲ್ಲ. ಅವನು ಬರ್ಕೊಂಡಿದ್ದಾನೆ."

ಆಗ ನಮಗೆ ತಿಳಿಯಿತು. ಜಾಗದ ಮೇಲೆ ತಪ್ಪು ಹೊರಿಸಲು ಆಗುವುದಿಲ್ಲ. ಉಳಿದದ್ದು ರೆನೀಟಾಳ ಮೇಲೆ ಹೊರಿಸುವುದು. ಒಬ್ಬೊಬ್ಬರೂ ಅವಳಲ್ಲಿ ಒಂದೊಂದು ಕೆಟ್ಟದ್ದು ಹುಡುಕಬೇಕು. ಎಲ್ಲರೂ ಒಂದೇ ಹೇಳುವಂತೆಯೂ ಇಲ್ಲ, ಬಾಯಿಪಾಠ ಅನ್ನಿಸುತ್ತದೆ.

ಯಂತ್ರ ನಿಂತಿತು. ರೆನೀಟಾ ಇನ್ನೊಂದು ನಾಣ್ಯ ಹಾಕಿ ಮತ್ತೆ ಬೆನ್ನು ಕೊಟ್ಟಳು.

"ಜಗಳಗಂಟಿ ಅನ್ನಿ ಇಲ್ಡಾ" ಅಂದಳು ಅವಳೇ. "ನೀವು ಅದನ್ನ ಹೇಳಿ. ಕ್ಲಿಯೋಟಿಸ್ ಅಣ್ಣ, ನೀವು ನಡತೆ ಸರಿ ಇಲ್ಲ ಅನ್ನಿ. ಗಂಡಸರು ಅದನ್ನೇ ಹೇಳೋದು, ಯಾರಿಗೂ ಅನುಮಾನ ಬರಲ್ಲ." ನನ್ನ ಕಡೆ ತಿರುಗಿದಳು. "ನೀವು, ನಂಬೋಕಾಗಲ್ಲ ಅನ್ನಿ. ವಸ್ತು ಎಲ್ಲಾ ಕಾಣೆ ಆಗುತ್ತೆ ಅನ್ನಿ."

"ನಿನ್ನ ಮೇಲೆ ಕಳ್ಳತನ ಹೊರಿಸೋಕಾಗಲ್ಲ ನಂಗೆ" ಅಂದೆ.

"ಬರೀ ನಂಬೋಕಾಗಲ್ಲ ಅನ್ನಿ ಹಾಗಾದ್ರೆ. ಜೋರಾಗಿ ಹೇಳಿ. ನೀವು ಮಾತು ನುಂಗ್ತೀರಿ."

ಎಲ್ಲರಿಗೂ ಅವಳೇ ಹೇಳಿಕೊಟ್ಟಳು. ಹೇಳಿದ್ದನ್ನು ತಿದ್ದಿದಳು. ಇಲ್ಡಾ ಜಗಳಗಂಟಿ ಎಂಬ ಮಾತನ್ನು ಕೇಳಿಕೊಳ್ಳುವ ದನಿಯಲ್ಲಿ ಹೇಳುತ್ತಿದ್ದಳು, ಗಟ್ಟಿಯಾಗಿ ಹೇಳಿಸಿದಳು. ಮಿಸ್ ವರ್ನೀಸ್ ಮೂಲೆಯಲ್ಲಿ ತಮ್ಮ ಹಾಸಿಗೆಯ ಬಟ್ಟೆ ಮಡಿಸುತ್ತಿದ್ದರು. ನಾಲ್ಕೂ ಮೂಲೆ ಕೂಡಿಸಿ, ಅಂಗೈಯಲ್ಲಿ ನಿರಿಗೆ ಒತ್ತಿ.

"ನೀವು ಏನಂತೀರಿ ಮಿಸ್ ವರ್ನೀಸ್?" ಎಂದ ಕ್ಲಿಯೋಟಿಸ್, ಟ್ರೇ ಹಿಡಿದುಕೊಂಡು.

"ನಾನು ಮೊನ್ನೆ ಅಲ್ಲಿ ಇರಲಿಲ್ಲ. ನನ್ನ ಕೇಳಲ್ಲ ಅವ್ನು."

"ಎದುರಿಗೆ ಸಿಕ್ಕೋರ್ನೂ ಕೇಳ್ತಾನಂತೆ."

"ಕೇಳ್ದಾಗ ನೋಡೋಣ" ಅಂದರು ಅವರು.

ಶುಕ್ರವಾರ ಹಿಮ ಬೀಳುತ್ತಿತ್ತು. ಕೀಲರ್ ಬೂಟು ಒರೆಸಿಕೊಂಡು ಬಂದ. ರೆನೀಟಾ ಇದ್ದುದರಲ್ಲಿ ಒಳ್ಳೆಯ ಕೋಟು ಹಾಕಿಕೊಂಡಿದ್ದಳು. ಅವನ ಪಕ್ಕದಲ್ಲಿ ನಡೆದಳು. ಮೊದಲು ನನ್ನ ಬಾಗಿಲು.

"ಇವರಿಗೆ ಜಾಗ ಕೊಡ್ತೀರಾ?"

"ಇಲ್ಲ."

"ಹೋದ ಸಲ ಆಗಬಹುದು ಅಂದಿದ್ರಿ."

"ನಂಬೋಕಾಗಲ್ಲ" ಅಂದೆ. ಮಾತು ನುಂಗಲಿಲ್ಲ.

ರೆನೀಟಾ ತಲೆ ಆಡಿಸಿದಳು. ಲೆಕ್ಕ ಸರಿಯಾಗಿದೆ ಅನ್ನುವವರ ಹಾಗೆ.

ಇಲ್ಡಾ ನೆಲ ನೋಡುತ್ತ ಹೇಳಿದಳು. "ಜಗಳಗಂಟಿ. ಬೇಡ." ಬಾಗಿಲು ಹಾಕಿಕೊಂಡಳು. ಆ ಬಾಗಿಲುಗಳು ತೆಳುವು. ಒಳಗೆ ಅವಳು ಬಾಯಿಗೆ ಬಟ್ಟೆ ಒತ್ತಿಕೊಂಡದ್ದು ಕಾರಿಡಾರಿಗೆ ಕೇಳಿಸಿತು. ಕೀಲರ್ ಟ್ಯಾಬ್ ನೋಡುತ್ತ ನಿಂತ.

ಮಹಡಿ ಹತ್ತಿದರು. ನಾನೂ ಹಿಂದೆ ಹೋದೆ. ಕ್ಲಿಯೋಟಿಸ್ ಚೆನ್ನಾಗಿ ಮಾಡಿದ. ಬೇಕಾದ್ದಕ್ಕಿಂತ ಚೆನ್ನಾಗಿ. ಅಂಗಡಿಯಲ್ಲಿ ದಿನವಿಡೀ ಮಾತಾಡುವವನು. "ನನ್ನ ಹೆಂಡ್ತಿ ಇರೋ ಮನೆಗೆ ಇಂಥೋಳ್ನ ಸೇರಿಸ್ತೀನಾ ಸಾರ್? ಇವಳ ನಡತೆ ಕೇಳಿದೀರಾ? ಹೊತ್ತಲ್ಲದ ಹೊತ್ತಲ್ಲಿ ಬರ್ತಾಳೆ, ಹೋಗ್ತಾಳೆ. ಆ ಮಗುಗೆ ಅಪ್ಪ ಯಾರು ಅಂತ ಯಾರಿಗಾದ್ರೂ ಗೊತ್ತಾ?"

ಮೆಟ್ಟಿಲ ಮೇಲೆ ಏನೋ ಸದ್ದಾಯಿತು. ನಾನು ತಿರುಗಿ ನೋಡಿದೆ.

ಹಿಮಕ್ಕೆ ಶಾಲೆ ಬೇಗ ಬಿಟ್ಟಿದ್ದರು. ಜಲೀಯಾ ಮೆಟ್ಟಿಲ ಮೇಲೆ ಕೂತಿದ್ದಳು. ಚೀಲ ತೊಡೆಯ ಮೇಲಿತ್ತು. ಟೋಪಿಯ ಮೇಲಿನ ಹಿಮ ಕರಗಿ ನೀರಾಗಿತ್ತು. ಅಂದರೆ ಕಟ್ಟಡದೊಳಗೆ ಬಂದು ಹೊತ್ತಾಗಿತ್ತು, ನಮ್ಮ ಹಿಂದೆಯೇ ಮೆಟ್ಟಿಲು ಹತ್ತಿರಬೇಕು.

ರೆನೀಟಾ ನೋಡಿರಲಿಲ್ಲ. ಕೀಲರ್ ನೋಡಿರಲಿಲ್ಲ. ಮಾತು ಕೇಳಿ ಮಿಸ್ ವರ್ನೀಸ್ ತಮ್ಮ ಬಾಗಿಲು ತೆಗೆದರು. ಅವರು ನೋಡಿದರು.

ಕೀಲರ್ ಅವರ ಕಡೆ ತಿರುಗಿದ. "ಮೇಡಂ, ನೀವೂ ಇದೇ ಕಟ್ಟಡದೋರು ಅಲ್ವಾ? ನಿಮ್ಮನ್ನೂ ಒಂದು ಮಾತು ಕೇಳ್ಬೇಕು. ಮಿಸ್ ಕೋಕರ್‌ಗೆ ನಿಮ್ಮ ಮನೇಲಿ ಜಾಗ ಕೊಡ್ತೀರಾ?"

ರೆನೀಟಾ ಅವನ ಹಿಂದೆ ನಿಂತು ಮಿಸ್ ವರ್ನೀಸರನ್ನೇ ನೋಡುತ್ತ ಇಲ್ಲ ಎಂಬಂತೆ ತಲೆ ಆಡಿಸಿದಳು. ಮೆಲ್ಲಗೆ, ಎರಡು ಸಲ.

"ಕೊಡ್ತೀನಿ" ಅಂದರು ಮಿಸ್ ವರ್ನೀಸ್.

ಕೀಲರನ ಬೆರಳು ನಿಂತಿತು. "ಇನ್ನೊಂದ್ಸಲ ಕೇಳ್ತೀನಿ ಮೇಡಂ. ಆತುರ ಇಲ್ಲ. ಯೋಚನೆ ಮಾಡಿ ಹೇಳಿ."

"ಯೋಚನೆ ಮಾಡೋ ವಯಸ್ಸು ದಾಟಿದೆ ಕಣಪ್ಪ. ಬರ್ಕೋ. ಇವಳು ಒಳ್ಳೇ ಹೆಂಗ್ಸು. ಇವಳು ಎತ್ತಿದ ಮುದುಕ ಇವತ್ತಿಗೂ ಬಿದ್ದಿಲ್ಲ. ಇವಳಿಗೂ ಇವಳ ಮಗಳಿಗೂ ನನ್ನ ಮನೇಲಿ ಜಾಗ ಇದೆ. ನಾನು ಇಲ್ಲ ಅನ್ನಲ್ಲ. ಜನರ ಬಾಯಲ್ಲಿ ಇಲ್ಲ ಅನ್ನಿಸಿ ಆಮೇಲೆ ದುಡ್ಡು ಕೊಡ್ತಾರಲ್ಲ, ಅವರಿಗೆ ಹೋಗಿ ಹೇಳು, ವರ್ನೀಸ್ ಗೇಥರ್ಸ್ ಇಲ್ಲ ಅನ್ನೋಕೆ ಒಪ್ಪಲಿಲ್ಲ ಅಂತ. ಅದೂ ಬರ್ಕೋ."

"ಅಷ್ಟೆಲ್ಲ ಬರೆಯೋಕೆ ಇದ್ರಲ್ಲಿ ಜಾಗ ಇಲ್ಲ ಮೇಡಂ" ಎಂದ ಕೀಲರ್. ದನಿ ಸಣ್ಣಗಾಗಿತ್ತು. "ಹೌದು, ಇಲ್ಲ. ಎರಡೇ ಇರೋದು."

"ಹೌದು ಅಂತ ಒತ್ತು."

ಒತ್ತಿದ. ಇಳಿದು ಹೋಗುವಾಗ ಮೆಟ್ಟಿಲ ಮೇಲಿದ್ದ ಹುಡುಗಿಗೆ ದಾರಿ ಬಿಡಮ್ಮ ಅಂದ. ಜಲೀಯಾ ಚೀಲವನ್ನು ಮೈಗೆ ಎಳೆದುಕೊಂಡಳು. ಆಗ ರೆನೀಟಾ ನೋಡಿದಳು.

ಮಗಳನ್ನು ಕೆಳಗೆ ಮನೆಗೆ ಕಳಿಸಿ ಬಂದು ಮಿಸ್ ವರ್ನೀಸರ ಎದುರು ನಿಂತಳು. ಕೂಗಾಡಲಿಲ್ಲ.

"ನೀವು ನನ್ನ ಮನೆ ಕಳೆದ್ರಿ."

"ಹೂಂ" ಅಂದರು ಮಿಸ್ ವರ್ನೀಸ್.

"ಅವಳಿಗೆ ನಾನು ಆಮೇಲೆ ಹೇಳ್ತಿದ್ದೆ. ನಾಟಕ ಇದು, ದುಡ್ಡಿಗೋಸ್ಕರ ಮಾಡಿದ್ದು ಅಂತ."

"ಕೇಳಿಸ್ಕೊಂಡಿದ್ದು ಮೊದಲು ಕೂತ್ಕೊಳ್ಳುತ್ತೆ. ಹೇಳಿದ್ದು ಆಮೇಲೆ ಬಂದು ನಿಂತ್ಕೋಬೇಕು." ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಮ್ಮಮ್ಮನಿಗೆ ಓದೋಕೆ ಬರ್ತಿರಲಿಲ್ಲ. ನಾನು ಅಕ್ಷರ ಕಲಿತ ವರ್ಷ. ಶಾಲೆಯಿಂದ ಬಂದೆ, ಬಾಗಿಲ ಮೇಲೆ ಕಾಗದ ಇತ್ತು. ನಂಗೆ ಓದೋಕೆ ಬಂತಲ್ಲ ಅಂತ ಖುಷಿ. ಬೀದಿಗೆಲ್ಲ ಕೇಳೋ ಹಂಗೆ ಜೋರಾಗಿ ಓದ್ದೆ. ಮುಗಿಸಿ ತಿರುಗಿ ನೋಡ್ತೀನಿ, ಅಮ್ಮ ಏಪ್ರನ್ನು ಮುಖಕ್ಕೆ ಹಿಡ್ಕೊಂಡು ನಿಂತಿದ್ಲು. ಅದಾದ್ಮೇಲೆ ಅಮ್ಮ ನನ್ನ ಹತ್ರ ಏನೂ ಓದಿಸಲಿಲ್ಲ. ಬೈಬಲ್ ಕೂಡ."

ರೆನೀಟಾ ಕೇಳಿಸಿಕೊಂಡಳು. "ಜಲೀಯಾ ಅಳ್ತಿದ್ಲು" ಅಂದಳು. "ನನ್ನ ಹತ್ರ ಒಂದು ವಾರ ಮಾತು ಬಿಡ್ತಿದ್ಲು. ಬೆಚ್ಚಗಿನ ಮನೇಲಿ ಕೂತು ಅಳ್ತಿದ್ಲು ಮಿಸ್ ವರ್ನೀಸ್. ಅಷ್ಟೇ ಆಗ್ತಿತ್ತು."

ಮಿಸ್ ವರ್ನೀಸ್ ಚೌಕಟ್ಟು ಬಿಟ್ಟು ಒಳಗೆ ಹೋದರು. ಗ್ರಂಥಾಲಯದಲ್ಲಿ ನ್ಯಾಯದ ಮೇಲೆ ಒಂದು ಕಪಾಟಿನಷ್ಟು ಪುಸ್ತಕಗಳಿವೆ, ಇಬ್ಬರಲ್ಲಿ ಯಾರು ಸರಿ ಎಂದು ಅವುಗಳಲ್ಲೂ ಹುಡುಕಿ ನೋಡಿದ್ದೇನೆ.

ಮರುಪರಿಶೀಲನೆಯೂ ತಿರಸ್ಕಾರವಾಯಿತು. ನ್ಯಾಯಾಲಯದಲ್ಲಿ ರೆನೀಟಾಳ ಸರದಿ ಬಹಳ ಹೊತ್ತು ಹಿಡಿಯಲಿಲ್ಲ. ಬಾಡಿಗೆ ಬಾಕಿ ಇದೆಯೇ ಅಂದರು, ಇದೆ ಅಂದಳು. ಮಾರ್ಚಿನ ಮೊದಲ ವಾರ ಕೋರ್ಟಿನ ಅಮೀನ ಬಂದ, ಜೊತೆಗೆ ಕಂಪನಿಯ ಆಳುಗಳು. ಸಾಮಾನನ್ನು ಬೀದಿಯಂಚಿಗೆ ತಂದು ಇಟ್ಟರು. ಇಟ್ಟರು ಅನ್ನುವುದು ಕಾಗದದ ಮಾತು. ಹಿಮದ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಹುಡುಗಿಯ ಒಳಬಟ್ಟೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಒಬ್ಬ ಕಾರಿನ ಕಿಟಕಿ ಇಳಿಸಿ ಆ ಟಿವಿ ಎಷ್ಟಕ್ಕೆ ಎಂದು ಕೇಳಿದ.

ನಾವು ಅದನ್ನು ಮಿಸ್ ವರ್ನೀಸರ ಮನೆಗೆ ಹೊತ್ತೆವು. ಕ್ಲಿಯೋಟಿಸ್, ಇಲ್ಡಾ, ಇಲ್ಡಾಳ ಗಂಡ, ನಾನು. ಭಾರ ಎತ್ತಬಾರದು ಎಂದು ವೈದ್ಯರು ಹೇಳಿದ್ದ ರೆನೀಟಾ ಎಲ್ಲರಿಗಿಂತ ಹೆಚ್ಚು ಎತ್ತಿದಳು. ಹೋಗುತ್ತ ಬರುತ್ತ ಕ್ಲಿಯೋಟಿಸ್ ಜಲೀಯಾಳ ಮುಖ ನೋಡಲಿಲ್ಲ. ಕೊನೆಗೆ ಅವಳ ಮುಂದೆ ಮಂಡಿಯೂರಿ, "ಅವತ್ತು ನಾನು ಅಂದಿದ್ದು ಸುಳ್ಳು ಕಂದಾ" ಅಂದ. "ಗೊತ್ತು" ಅಂದಳು ಹುಡುಗಿ. ಆದರೆ ಅವನು ಎತ್ತಿಕೊಂಡಿದ್ದ ತನ್ನ ಪೆಟ್ಟಿಗೆಯನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಹೊತ್ತಳು.

ಮಿಸ್ ವರ್ನೀಸರ ಮನೆಯಲ್ಲಿ ಹಿಡಿಸಿದ್ದು ಮೂರನೇ ಒಂದು ಪಾಲು. ಉಳಿದದ್ದನ್ನು ಕತ್ತಲಾಗುವ ಮೊದಲೇ ಜನ ಒಯ್ದರು.

ಆ ಮನೆಯಲ್ಲಿ ಒಂದೇ ಮಲಗುವ ಕೋಣೆ. ಹುಡುಗಿ ಮುದುಕಿಯ ಪಕ್ಕ ಮಲಗಿದಳು, ರೆನೀಟಾ ನೆಲದ ಮೇಲೆ. ಮೊದಮೊದಲು ರೆನೀಟಾ ಮಾತು ಆಡುತ್ತಿರಲಿಲ್ಲವಂತೆ. ಆದರೆ ಸಂಜೆ ಮಿಸ್ ವರ್ನೀಸರ ಕಾಲು ಊದಿದ್ದು ಕಂಡು, ಬಿಸಿನೀರಿನ ಬೋಗುಣಿ ತಂದು, ಪಾದ ತೊಳೆದು ಎಣ್ಣೆ ತಿಕ್ಕಿದಳಂತೆ. ಅವಳ ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ನಾನು ಒಂದು ದಿನ ಮೆಕ್ಕೆಜೋಳದ ಬ್ರೆಡ್ಡು ಕೊಡಲು ಹೋದಾಗ ಮಿಸ್ ವರ್ನೀಸ್ ಅಂದರು, "ಜಾಗ ಇದೆ ಅಂದಿದ್ದೆ. ಈಗ ನೋಡಿದ್ರೆ ಸುಳ್ಳು ಹೇಳಿದೀನಿ. ಬಚ್ಚಲಿಗೆ ಹೋಗ್ಬೇಕಾದ್ರೆ ರೆನೀಟಾನ ದಾಟ್ಕೊಂಡು ಹೋಗ್ಬೇಕು."

"ನಿಮ್ಮ ಕಾಲು ನನ್ನ ಮೂಗಿಗೆ ತಾಗ್ಸಿದ್ರಿ ಬೆಳಿಗ್ಗೆ" ಅಂದಳು ರೆನೀಟಾ ಒಳಗಿನಿಂದ. ಆ ಮನೆಯಲ್ಲಿ ಅವಳ ಮಾತು ನಾನು ಮೊದಲು ಕೇಳಿದ್ದು ಅದೇ.

ರಸೆಲ್‌ಗೆ ತಿಳಿಯದೆ ಇರುವ ವಿಷಯವಲ್ಲ. ಮಾರ್ಚ್ ಮುಗಿಯುವುದರೊಳಗೆ ಬಂದು ಮಿಸ್ ವರ್ನೀಸರ ಬಾಗಿಲಿಗೆ ಅಂಟಿಸಿದ. ಕರಾರಿನಲ್ಲಿ ಒಬ್ಬರ ಹೆಸರು, ಮನೆಯಲ್ಲಿ ಮೂವರು.

ಮೊದಲು ನೋಡಿದವನು ಕ್ಲಿಯೋಟಿಸ್. ಮೇಲಿನ ಪಕ್ಷದ ಮುಖಂಡ. ಅವನು ಬಾಗಿಲ ಮುಂದೆ ನಿಂತು, ತನ್ನ ಎರಡು ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡು ಟೇಪಿನ ಮೇಲೆ ಒತ್ತಿದ. ಕೆಳಗಿನ ಮೂಲೆಯನ್ನು ಉಗುರಿನಿಂದ ಎಬ್ಬಿಸುವಾಗ ಬಾಗಿಲು ತೆರೆಯಿತು.

"ಬಿಡು" ಅಂದರು ಮಿಸ್ ವರ್ನೀಸ್.

"ಕೆಳಗಿಂದಾನೇ ತೆಗೀತಿದೀನಿ."

"ಗೊತ್ತಾಯ್ತು. ಬಿಡು."

"ಬಸ್ಸು ಬರೋ ಹೊತ್ತಾಯ್ತು ಮಿಸ್ ವರ್ನೀಸ್."

"ಬರಲಿ."

ಅವನು ಕೈ ತೆಗೆದ. ಎಬ್ಬಿಸಿದ ಮೂಲೆಯನ್ನು ಮಿಸ್ ವರ್ನೀಸ್ ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದರು. ಕುರ್ಚಿ ಹೊರಗೆ ತರಲು ಹೇಳಿ, ಬಾಗಿಲ ಪಕ್ಕದಲ್ಲಿ ಕೂತರು.

ಬಸ್ಸು ಬಂತು. ಜಲೀಯಾ ಮೆಟ್ಟಿಲು ಹತ್ತಿ ಬಂದು ಕಾಗದ ನೋಡಿದಳು. ಮುದುಕಿಯ ಮುಖ ನೋಡಿದಳು.

"ಓದು ಮಗಳೇ" ಅಂದರು ಮಿಸ್ ವರ್ನೀಸ್. "ಜೋರಾಗಿ ಓದು. ಕೆಳಗಿನ ಮನೆಗೂ ಕೇಳಿಸಲಿ."

ರೆನೀಟಾ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಬೇಡ ಅನ್ನಲು ಬಾಯಿ ತೆರೆದವಳು ಮಗಳ ಚೀಲವನ್ನು ಕೈಗೆ ತೆಗೆದುಕೊಂಡಳು.

ಹುಡುಗಿ ಓದಿದಳು. ದನಿ ಮೊದಲು ಸಣ್ಣಗಿತ್ತು. ಒಂದೊಂದಾಗಿ ಬಾಗಿಲುಗಳು ತೆರೆದವು. ಇಲ್ಡಾ ಹಿಟ್ಟಿನ ಕೈಯಲ್ಲೇ ಮೆಟ್ಟಿಲ ಬುಡಕ್ಕೆ ಬಂದಳು. "ಸದರಿ ನಿವಾಸದಲ್ಲಿ ಅನಧಿಕೃತ ವ್ಯಕ್ತಿಗಳು ವಾಸವಾಗಿರುವುದು ಕಂಡುಬಂದಿರುವ ಕಾರಣ" ಎಂದು ಓದಿ ಹುಡುಗಿ ನಿಂತಳು.

"ಅನಧಿಕೃತ ವ್ಯಕ್ತಿಗಳು ಅಂದ್ರೆ ಯಾರು?"

"ನೆಂಟರು ಅಂತ" ಅಂದರು ಮಿಸ್ ವರ್ನೀಸ್. "ಕಂಪನಿ ಭಾಷೇಲಿ. ಮುಂದೆ ಓದು."

ಅವಳು ಕೊನೆಯವರೆಗೆ ಓದಿದಳು. ಕೆಳಗೆ ರಸೆಲ್‌ನ ಸಹಿ ಇದ್ದದ್ದನ್ನೂ ಓದಿದಳು. ಯಾರೂ ಏಪ್ರನ್ನು ಮುಖಕ್ಕೆ ಹಿಡಿಯಲಿಲ್ಲ. ಮಿಸ್ ವರ್ನೀಸ್ ಕಣ್ಣು ಮುಚ್ಚಿಕೊಂಡು ಕೇಳಿದರು, ಚರ್ಚಿನಲ್ಲಿ ಕೇಳುವ ಹಾಗೆ.

"ಚೆನ್ನಾಗಿ ಓದ್ತೀಯ" ಅಂದರು.

ಕಾಗದ ಅಲ್ಲೇ ಇತ್ತು. ಆ ತಿಂಗಳು ಇನ್ನೂ ಎರಡು ಬಾಗಿಲಿಗೆ ಬಂತು, ಒಂದು ಇಲ್ಡಾಳದು. ಯಾರೂ ಮುಟ್ಟಲಿಲ್ಲ. ರಸೆಲ್ ತಾನು ಅಂಟಿಸಿದ್ದು ಇನ್ನೂ ಇರುವುದನ್ನು ಕಂಡು ಏನೋ ತಪ್ಪಾಗಿದೆ ಅನ್ನಿಸಿದವನ ಹಾಗೆ ಎರಡು ಸಲ ತಿರುಗಿ ನೋಡಿಕೊಂಡು ಹೋದ.

ಮಿಸ್ ವರ್ನೀಸರನ್ನು ಏಪ್ರಿಲ್ ಕೊನೆಯಲ್ಲಿ ಹೊರಗೆ ಹಾಕಿದರು. ಮಕ್ಕಳಿರುವವರ ಆಶ್ರಯಧಾಮ ಬೇರೆ, ಮುದುಕರದು ಬೇರೆ. ರೆನೀಟಾ ಮತ್ತು ಜಲೀಯಾ ಒಂದರಲ್ಲಿದ್ದಾರೆ, ಮಿಸ್ ವರ್ನೀಸ್ ಊರಿನ ಇನ್ನೊಂದು ಕೊನೆಯಲ್ಲಿ. ಬಾಗಿಲ ಮೇಲಿನ ಕಾಗದವನ್ನು ಕಂಪನಿಯ ಆಳುಗಳು ಮೇಲಿನಿಂದ ಕಿತ್ತರು. ಬಣ್ಣ ಚಕ್ಕೆಯಾಗಿ ಬಂತು. ಅದಕ್ಕೆ ಮಿಸ್ ವರ್ನೀಸರ ಠೇವಣಿಯಲ್ಲಿ ಮುರಿದುಕೊಂಡರು.